ಗಂಡುಮಕ್ಕಳ ಆರೋಗ್ಯ: ಮನೆಯಲ್ಲಿ ಆಡದೆ ಉಳಿದ ಮಾತು

ಬಾಣಂತನಕ್ಕೆಂದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ತವರಿಗೆ ಬಂದ ಮಗಳ ಕೂಸಿಗೆ ಎಣ್ಣೆನೀರು ಎರೆಯುವುದೆಂದರೆ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿರುವ ಬಿಳಿಗೆರೆಯಂಥ ಊರಿನಲ್ಲಿ ಇಂದಿಗೂ ಅದೊಂದು ಸಣ್ಣ ಹಬ್ಬವೇ ಸರಿ. ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕುಳಿತು, ಕಾಲುಗಳನ್ನು ಮುಂದಕ್ಕೆ ಚಾಚಿ ಕೂಸನ್ನು ಅವುಗಳ ಮೇಲೆ ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ನೆತ್ತಿಯಿಂದ ಅಂಗಾಲಿನವರೆಗೆ ಇಳಿಯುತ್ತದೆ. ಮೂಗನ್ನು ತಿದ್ದುವುದಾಯಿತು, ತಲೆಯನ್ನು ಗುಂಡಗೆ ಒತ್ತುವುದಾಯಿತು, ಕೈಕಾಲುಗಳನ್ನು ಮಡಿಸಿ ಬಿಡಿಸುವುದಾಯಿತು. ಗಂಡು ಕೂಸಾದರೆ ಕೆಲವು ಮನೆಗಳಲ್ಲಿ ಇನ್ನೊಂದು ಉಪಚಾರವೂ ಉಂಟು. ಶಿಶ್ನದ ತುದಿಯ ಚರ್ಮವನ್ನು ಎಣ್ಣೆಯ ಬೆರಳಿನಿಂದ ಹಿಂದಕ್ಕೆ ಸರಿಸುವುದು. “ಈಗಲೇ ಬಿಡಿಸದೆ ಹೋದರೆ ಮುಂದೆ ಕಷ್ಟವಾಗುತ್ತದೆ” ಎಂಬುದು ಹಿರಿಯರ ಮಾತು. ಕೂಸು ಚೀರುತ್ತದೆ. ಬಚ್ಚಲಮನೆಯ ಹೊರಗೆ ನಿಂತ ತಾಯಿ, ಎಳೆಯ ಮಗುವಿಗೆ ನೀರು ಬಿಸಿಯಾಯಿತೇನೋ ಎಂದುಕೊಳ್ಳುತ್ತಾಳೆ.

ಅಜ್ಜಿಯ ಅಕ್ಕರೆಗೆ ಎರಡನೆಯ ಮಾತಿಲ್ಲ. ಆದರೆ ಆ ಒಂದು ಉಪಚಾರವನ್ನು ಮಾತ್ರ ಆಕೆ ಬಿಟ್ಟುಬಿಡುವುದು ಲೇಸು.

ಶಿಶ್ನದ ತುದಿಯಲ್ಲಿ ಗುಂಡಗಿರುವ ಭಾಗಕ್ಕೆ ಶಿಶ್ನಮಣಿ ಎಂದು ಹೆಸರು. ಅದನ್ನು ಹೊದಿಸಿರುವ ಮಡಿಕೆಯ ಚರ್ಮವೇ ಮುಂದೊಗಲು. ಹುಟ್ಟಿದ ಕೂಸಿನಲ್ಲಿ ಮುಂದೊಗಲಿನ ಒಳಮೈ ಮಣಿಗೆ ಅಂಟಿಕೊಂಡೇ ಇರುತ್ತದೆ, ನಮ್ಮ ಉಗುರು ಅದರ ಕೆಳಗಣ ಮಾಂಸಕ್ಕೆ ಅಂಟಿಕೊಂಡಿರುವಂತೆ. ಇದು ರೋಗವಲ್ಲ, ನಿಸರ್ಗದ ಏರ್ಪಾಡು. ಬಟ್ಟೆಯಲ್ಲಿ ಮಲಮೂತ್ರ ಮಾಡಿಕೊಳ್ಳುವ ವಯಸ್ಸಿನಲ್ಲಿ ಆ ಮೃದುವಾದ ಮಣಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಇನ್ನಾವುದಿದ್ದೀತು? ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ 1949ರಲ್ಲಿ ಪ್ರಕಟಿಸಿದ ಲೇಖನವೊಂದು ಈ ವಿಷಯದಲ್ಲಿ ವೈದ್ಯರ ಕಣ್ಣನ್ನೇ ತೆರೆಯಿಸಿತು. ಆಗತಾನೆ ಹುಟ್ಟಿದ ಗಂಡು ಕೂಸುಗಳಲ್ಲಿ ನೂರಕ್ಕೆ 4ರಲ್ಲಿ ಮಾತ್ರ ಮುಂದೊಗಲು ಪೂರ್ತಿಯಾಗಿ ಹಿಂದೆ ಸರಿಯುತ್ತದೆಂದು ಅವರು ಕಂಡುಕೊಂಡಿದ್ದರು. ಡೆನ್ಮಾರ್ಕಿನ ಶಾಲಾವೈದ್ಯ ಯಾಕೋಬ್ ಓಸ್ಟರ್ ಇನ್ನೂ ಮುಂದೆ ಹೋಗಿ, ಶಾಲೆಯ ಹುಡುಗರನ್ನು ವರ್ಷವರ್ಷವೂ ಪರೀಕ್ಷಿಸಿ 1968ರಲ್ಲಿ ಲೆಕ್ಕವನ್ನು ಮುಂದಿಟ್ಟರು. ಆರೇಳು ವರ್ಷದ ಹುಡುಗರಲ್ಲಿ ನೂರಕ್ಕೆ 63 ಮಂದಿಗೆ ಸ್ವಲ್ಪವಾದರೂ ಅಂಟು ಉಳಿದಿತ್ತು. ಹದಿನಾರು ಹದಿನೇಳರ ಹೊತ್ತಿಗೆ ಅದು 3ಕ್ಕೆ ಇಳಿದಿತ್ತು. ನಡುವೆ ಯಾರೂ ಬಿಡಿಸಿರಲಿಲ್ಲ. ತಾನಾಗಿಯೇ ಬಿಟ್ಟಿತ್ತು.

ತಾನಾಗಿ ಬಿಡುವುದನ್ನು ಬಲಾತ್ಕಾರವಾಗಿ ಬಿಡಿಸಹೋದರೆ ಚರ್ಮ ಸೂಕ್ಷ್ಮವಾಗಿ ಹರಿಯುತ್ತದೆ. ಹರಿದದ್ದು ಮಾಯುವಾಗ ಗಾಯದ ಕಲೆ ಕಟ್ಟುತ್ತದೆ, ಕಲೆಗಟ್ಟಿದ ಚರ್ಮ ಹಿಗ್ಗುವುದಿಲ್ಲ. ಅಜ್ಜಿ ಯಾವ ಬಿಗಿತವನ್ನು ತಪ್ಪಿಸಲು ಹೊರಟಳೋ ಅದೇ ಬಿಗಿತ ಆಕೆಯ ಕೈಯಿಂದಲೇ ಉಂಟಾಗುತ್ತದೆ. ಇನ್ನೂ ಒಂದು ಅಪಾಯವಿದೆ. ಹಿಂದಕ್ಕೆ ಎಳೆದ ಚರ್ಮ ಮುಂದಕ್ಕೆ ಬಾರದೆ ಮಣಿಯ ಹಿಂದೆ ಉಂಗುರದಂತೆ ಸಿಕ್ಕಿಕೊಂಡರೆ ತುದಿ ಊದಿಕೊಳ್ಳುತ್ತದೆ. ಊದಿದಷ್ಟೂ ಉಂಗುರ ಬಿಗಿಯುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಚಿಕ್ಕ ಮಕ್ಕಳಲ್ಲಿ ಮುಂದೊಗಲಿನ ಕೆಳಗೆ ಕೆಲವೊಮ್ಮೆ ಅಕ್ಕಿನುಚ್ಚಿನಷ್ಟು ಬಿಳಿಯ ಗಂಟುಗಳು ಕಾಣುತ್ತವೆ. ಕೀವಾಯಿತೆಂದು ತಾಯಂದಿರು ಹೆದರುವುದುಂಟು. ಅದು ಕೀವಲ್ಲ, ಉದುರಿದ ಚರ್ಮದ ಕಣಗಳು ಸೇರಿ ಆದದ್ದು. ಒಳಗಣ ಅಂಟು ಬಿಡುತ್ತಿರುವುದರ ಗುರುತೇ ಅದು. ಮೂತ್ರ ಮಾಡುವಾಗ ತುದಿ ಕ್ಷಣಕಾಲ ಬುರುಬುರು ಊದಿ ಇಳಿದರೂ, ಮಗುವಿಗೆ ನೋವಿಲ್ಲದಿದ್ದರೆ ಚಿಂತೆಗೆ ಕಾರಣವಿಲ್ಲ. ತುದಿಯಲ್ಲಿ ಬಿಳಿಯ ಗಟ್ಟಿ ಉಂಗುರ ಕಂಡರೆ, ಮೂತ್ರದ ಧಾರೆ ನೂಲಿನಂತೆ ಸಣ್ಣಗಾದರೆ, ಮಗು ಮೂತ್ರಕ್ಕೆಂದರೆ ಅಳತೊಡಗಿದರೆ, ಪದೇಪದೇ ಜ್ವರದೊಡನೆ ಮೂತ್ರದ ಸೋಂಕು ಬಂದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಅಂಥಲ್ಲಿಯೂ ಕತ್ತರಿಯೇ ಮೊದಲ ಮದ್ದಲ್ಲ. ವೈದ್ಯರು ಬರೆದುಕೊಟ್ಟ ಮುಲಾಮನ್ನು ಕೆಲವು ವಾರ ಹಚ್ಚಿದರೆ ಹೆಚ್ಚಿನ ಹುಡುಗರಲ್ಲಿ ಚರ್ಮ ಸಡಿಲಗೊಳ್ಳುತ್ತದೆ. ಧರ್ಮದ ಪದ್ಧತಿಯಂತೆ ಮುಂದೊಗಲನ್ನು ತೆಗೆಯಿಸುವ ಮನೆತನಗಳ ಮಾತು ಬೇರೆ. ಅದು ಸಂಸ್ಕಾರ, ಶುಚಿಯಾದ ಕೈಯಲ್ಲಿ, ಶುಚಿಯಾದ ಉಪಕರಣದಿಂದ ನಡೆದರೆ ಆಯಿತು. ನಮ್ಮ ಕಡೆ ಅದಕ್ಕೂ ‘ಮುಂಜಿ’ಯೆಂದೇ ಹೆಸರು, ಜನಿವಾರ ಹಾಕುವ ಸಂಸ್ಕಾರಕ್ಕೂ ‘ಮುಂಜಿ’ಯೆಂದೇ ಹೆಸರು!

ಹೊಟ್ಟೆಯಿಂದ ಮೊಣಕಾಲಿಗೆ

ಮಗುವಿಗೆ ಮಾತು ಬರುವ ಹೊತ್ತಿಗೆ ಮನೆಮಂದಿಯೆಲ್ಲ ಕೂಡಿ ಅಂಗಗಳ ಹೆಸರು ಕಲಿಸುತ್ತಾರೆ. ಕಣ್ಣೆಲ್ಲಿ? ಮೂಗೆಲ್ಲಿ? ಕಿವಿಯೆಲ್ಲಿ? ಹೊಟ್ಟೆಯೆಲ್ಲಿ? ಹೊಟ್ಟೆಯವರೆಗೆ ಕ್ರಮವಾಗಿ ಇಳಿದ ಪಾಠ ಅಲ್ಲಿಂದ ಒಮ್ಮೆಗೇ ಮೊಣಕಾಲಿಗೆ ಹಾರುತ್ತದೆ. ನಡುವಣ ಪ್ರದೇಶಕ್ಕೆ ಹೆಸರೇ ಇಲ್ಲ. ಮಗು ಅಲ್ಲಿಗೆ ಕೈ ಒಯ್ದರೆ ‘ಛೀ’ ಎಂಬ ಒಂದೇ ಶಬ್ದ.

ಹಲ್ಲಿನ ವಿಷಯದಲ್ಲಿ ಹೀಗಾಗಲಿಲ್ಲವೆಂಬುದನ್ನು ನೋಡಬೇಕು. ಇದೇ ನಂಜನಗೂಡಿನಲ್ಲಿ ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಮೈಸೂರು ಸೀಮೆಯ ಮನೆಮನೆಯ ಗೂಡಿನಲ್ಲಿ ಕುಳಿತಿತ್ತು. ಬೆಳಗಾದರೆ ತಂದೆ ಮಗನ ಅಂಗೈಗೆ ಚಿಟಿಕೆ ಪುಡಿ ಹಾಕಿ, ಹೇಗೆ ಉಜ್ಜಬೇಕೆಂದು ತಾನೇ ಉಜ್ಜಿ ತೋರಿಸುತ್ತಿದ್ದನು. ಹಕೀಮ ನಂಜುಂಡನೆಂದು ದೇವರನ್ನೇ ವೈದ್ಯನಾಗಿ ಕರೆದ ಊರಿನ ಸುತ್ತಮುತ್ತ, ಮಗನ ದೇಹದ ಒಂದು ಭಾಗವನ್ನು ಕುರಿತು ಮಾತ್ರ ತಂದೆಯ ಬಾಯಿ ಕಟ್ಟಿಹೋದದ್ದು ವಿಚಿತ್ರವಲ್ಲವೆ?

ಮೈಸೂರು ಸಂಸ್ಥಾನ ಇಂಥ ವಿಷಯಗಳಿಗೆ ಹಿಂಜರಿದ ಸಂಸ್ಥಾನವೂ ಅಲ್ಲ. ಸಂತಾನ ನಿಯಂತ್ರಣದ ಸಲಹೆಗೆಂದು ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆಯಲು ಅದು 1930ರಲ್ಲಿಯೇ ಆಜ್ಞೆ ಮಾಡಿತು. ಸರ್ಕಾರವೊಂದು ಹೀಗೆ ಮಾಡಿದ್ದು ಲೋಕದಲ್ಲೇ ಮೊದಲ ಉದಾಹರಣೆಗಳಲ್ಲಿ ಒಂದು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು, ಗೃಹಿಣಿಯರು ಕೇಳಲು ನಾಚುತ್ತಿದ್ದುದನ್ನು ಸರಳವಾದ ಕನ್ನಡದಲ್ಲಿ ತಿಳಿಸಿದರು. ಅದೇ ನಾಡಿನಲ್ಲಿ 2007ರಲ್ಲಿ ಹದಿಹರೆಯದ ಶಿಕ್ಷಣದ ಪಾಠಗಳು ಶಾಲೆಗೆ ಬೇಡವೆಂದು ಗದ್ದಲವೆದ್ದು, ಬೇರೆ ಕೆಲವು ರಾಜ್ಯಗಳಂತೆ ಕರ್ನಾಟಕವೂ ಅವನ್ನು ತಡೆಹಿಡಿಯಿತು. ಶಾಲೆ ಹೇಳದಿದ್ದರೆ ಮನೆ ಹೇಳಬೇಕು. ಮನೆಯೂ ಹೇಳದಿದ್ದರೆ ಬಸ್ ನಿಲ್ದಾಣದ ಗೋಡೆ ಹೇಳುತ್ತದೆ. ಆ ಗೋಡೆಯ ಮಾತು ಮುಂದೆ ಬರುತ್ತದೆ.

ಚೀಲದೊಳಗಿನ ಎರಡು ಬೀಜ

ವೃಷಣಗಳಿಗೆ ಒಕ್ಕಲಿನ ಜನ ‘ಬೀಜ’ವೆನ್ನುತ್ತಾರೆ. ವೈದ್ಯಶಾಸ್ತ್ರದ ಯಾವ ಪಾರಿಭಾಷಿಕ ಪದಕ್ಕೂ ಇದು ಕಡಮೆಯಿಲ್ಲ, ಏಕೆಂದರೆ ಅವುಗಳ ಕೆಲಸವೇ ಬೀಜೋತ್ಪತ್ತಿ. ಒಂದೊಂದರಲ್ಲಿಯೂ ನೂಲಿನಂಥ ನಾಳಗಳು ಸುರುಳಿ ಸುತ್ತಿಕೊಂಡಿವೆ. ಅಲ್ಲಿ ಹುಟ್ಟಿದ ವೀರ್ಯಾಣು ಪಕ್ವವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಗಂಡಸಿನ ಗಡ್ಡ, ಮೀಸೆ, ದನಿ, ತೋಳಿನ ಬಲ ಇವೆಲ್ಲಕ್ಕೂ ಕಾರಣವಾದ ರಸ ಸ್ರವಿಸುವುದೂ ಅಲ್ಲಿಯೇ. ಈ ಉತ್ಪತ್ತಿ ಸರಿಯಾಗಿ ನಡೆಯಬೇಕಾದರೆ ದೇಹದ ಒಳಗಿನ ಕಾವಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಆದ್ದರಿಂದಲೇ ಅವು ಹೊಟ್ಟೆಯಿಂದ ಹೊರಗೆ ಚೀಲದಲ್ಲಿ ಇಳಿಬಿದ್ದಿವೆ. ಚಳಿಯಾದರೆ ಚೀಲ ಕುಗ್ಗಿ ಮೈಗೆ ಹತ್ತುತ್ತದೆ, ಸೆಕೆಯಾದರೆ ಜೋಲುತ್ತದೆ. ಒಂದು, ಸಾಮಾನ್ಯವಾಗಿ ಎಡಗಡೆಯದು, ಇನ್ನೊಂದಕ್ಕಿಂತ ತುಸು ಕೆಳಗಿರುವುದು ಸಹಜ. ಇದನ್ನೇ ದೋಷವೆಂದು ತಿಳಿದು ವರ್ಷಗಟ್ಟಲೆ ಒಳಗೊಳಗೇ ಕೊರಗಿದ ಯುವಕರಿದ್ದಾರೆ.

ತಾಯಿಯ ಗರ್ಭದಲ್ಲಿ ವೃಷಣಗಳು ರೂಪುಗೊಳ್ಳುವುದು ಮೂತ್ರಪಿಂಡದ ಸಮೀಪದಲ್ಲಿ. ಕಡೆಯ ತಿಂಗಳುಗಳಲ್ಲಿ ಅವು ಪಯಣ ಹೊರಟು ಚೀಲಕ್ಕೆ ಇಳಿಯುತ್ತವೆ. ದಿನ ತುಂಬಿ ಹುಟ್ಟಿದ ಗಂಡು ಕೂಸುಗಳಲ್ಲಿ ನೂರಕ್ಕೆ ಸುಮಾರು ಮೂರರಲ್ಲಿ ಈ ಪಯಣ ಮುಗಿದಿರುವುದಿಲ್ಲ. ತಿಂಗಳು ತುಂಬದೆ ಹುಟ್ಟಿದವುಗಳಲ್ಲಿ ಈ ಸಂಖ್ಯೆ ಇನ್ನೂ ಹೆಚ್ಚು. ಆರು ತಿಂಗಳೊಳಗೆ ಹಲವು ತಾವಾಗಿ ಇಳಿಯುತ್ತವೆ. ಆ ಬಳಿಕವೂ ಇಳಿಯದ್ದನ್ನು ಶಸ್ತ್ರವೈದ್ಯರು ಇಳಿಸಿ ಕೂರಿಸಬೇಕು. ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಆಗಿಹೋದರೆ ಒಳ್ಳೆಯದು. ಹೊಟ್ಟೆಯ ಕಾವಿನಲ್ಲಿಯೇ ಉಳಿದ ವೃಷಣ ಮುಂದೆ ಸಂತಾನಶಕ್ತಿಗೆ ಕುಂದು ತರಬಹುದು, ಅದರಲ್ಲಿ ಕ್ಯಾನ್ಸರ್ ತಲೆಯೆತ್ತುವ ಸಂಭವವೂ ಹೆಚ್ಚು. ಮದುವೆಯಾಗಿ ನಾಲ್ಕು ವರ್ಷ ಮಕ್ಕಳಾಗದೆ, ಸೊಸೆಯನ್ನು ಊರೂರಿನ ವೈದ್ಯರಿಗೂ ದೇವರಿಗೂ ಸುತ್ತಿಸಿದ ಮೇಲೆ, ಮಗನ ಚೀಲ ಹುಟ್ಟಿದಂದಿನಿಂದಲೂ ಬರಿದಾಗಿತ್ತೆಂದು ಗೊತ್ತಾದರೆ ಆ ಮನೆಯವರ ಗತಿಯೇನು?

ಇಲ್ಲಿಯೇ ಅಜ್ಜಿಯ ಎಣ್ಣೆನೀರು ಉಪಕಾರಕ್ಕೆ ಬರುವುದು. ಬೆಚ್ಚನೆಯ ನೀರಿನಲ್ಲಿ ಚೀಲ ಸಡಿಲಗೊಂಡಿರುತ್ತದೆ. ಎರಡು ಬೀಜಗಳೂ ಇವೆಯೇ ಎಂದು ಮೃದುವಾಗಿ ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಚಳಿಯಲ್ಲಿ ಮೇಲೇರಿ, ಬಿಸಿನೀರಿನಲ್ಲಿ ತಾನಾಗಿ ಇಳಿದು ಬರುವುದು ಸಾಮಾನ್ಯವಾಗಿ ತೊಂದರೆಯದಲ್ಲ. ಮುಂದಿನ ಸಲ ಲಸಿಕೆಗೆ ಹೋದಾಗ ವೈದ್ಯರ ಕಿವಿಗೆ ಹಾಕಿದರೆ ಸಾಕು. ಎಂದೂ ಇಳಿಯದ್ದನ್ನು ಮಾತ್ರ ಕೂಡಲೇ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರಲ್ಲಿ ಈ ಮಾತೆತ್ತಲು ತಾಯಂದಿರು ನಾಚಬಾರದು.

ಆರು ಗಂಟೆಯ ಗಡುವು

ಇಷ್ಟು ಹೊತ್ತು ಹೇಳಿದ್ದು ತಿಂಗಳು, ವರ್ಷಗಳ ಲೆಕ್ಕದ್ದು. ಗಂಟೆಗಳ ಲೆಕ್ಕದ್ದೊಂದಿದೆ.

ಹನ್ನೆರಡರಿಂದ ಹದಿನೆಂಟರೊಳಗಿನ ಹುಡುಗ ನಡುರಾತ್ರಿಯಲ್ಲಿ ಫಕ್ಕನೆ ಎಚ್ಚೆತ್ತು ಹೊಟ್ಟೆನೋವೆಂದು ಮುದುಡಿಕೊಳ್ಳುತ್ತಾನೆ. ಒಂದೆರಡು ಸಲ ವಾಂತಿಯೂ ಆಗುತ್ತದೆ. ತಾಯಿ ಓಮದ ಕಷಾಯ ಕಾಸುತ್ತಾಳೆ. ರಾತ್ರಿ ತಿಂದ ಬೋಂಡದ ಮೇಲೆ ಅನುಮಾನ ಹೋಗುತ್ತದೆ. ಅಜ್ಜಿ ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ನೋವು ಹೊಟ್ಟೆಯಲ್ಲಲ್ಲ, ಅದಕ್ಕೂ ಕೆಳಗೆ ಎಂಬುದು ಹುಡುಗನಿಗೆ ಗೊತ್ತು. ಆದರೆ ಅದನ್ನು ಹೇಳಲು ಅವನಲ್ಲಿ ಪದವಿಲ್ಲ. ಆ ಪದವನ್ನು ಆ ಮನೆಯಲ್ಲಿ ಯಾರೂ ಎಂದೂ ಆಡಿಲ್ಲ. ತಂಗಿ ಪಕ್ಕದಲ್ಲಿಯೇ ಮಲಗಿದ್ದಾಳೆ. ಬೆಳಗಾಗಲೆಂದು ಹಲ್ಲು ಕಚ್ಚಿ ಮಲಗುತ್ತಾನೆ.

ಆಗಿರುವುದೇನೆಂದರೆ, ವೃಷಣ ತನ್ನನ್ನು ತೂಗುಹಾಕಿರುವ ಹುರಿಯ ಮೇಲೆ ಗಿರಕಿ ಹೊಡೆದಿದೆ. ಬಾವಿಯ ಹಗ್ಗಕ್ಕೆ ಮುರಿ ಬಿದ್ದಂತೆ ಆ ಹುರಿಯೊಳಗಿನ ರಕ್ತನಾಳಗಳು ತಿರುಚಿಕೊಂಡಿವೆ, ರಕ್ತ ಹರಿಯುತ್ತಿಲ್ಲ. ಆರು ಗಂಟೆಯೊಳಗೆ ಶಸ್ತ್ರಕ್ರಿಯೆ ನಡೆದು ಮುರಿ ಬಿಚ್ಚಿದರೆ ನೂರಕ್ಕೆ ತೊಂಬತ್ತರಷ್ಟು ಪ್ರಸಂಗಗಳಲ್ಲಿ ವೃಷಣ ಉಳಿಯುತ್ತದೆ. ಹನ್ನೆರಡು ಗಂಟೆಯಾದರೆ ಉಳಿಯುವುದು ಅರ್ಧಕ್ಕರ್ಧ. ಇಪ್ಪತ್ನಾಲ್ಕು ಗಂಟೆ ಕಳೆದಲ್ಲಿ ಸಾಮಾನ್ಯವಾಗಿ ಸತ್ತ ಅಂಗವನ್ನು ತೆಗೆದುಹಾಕುವುದೊಂದೇ ಉಳಿಯುವ ಕೆಲಸ.

ಬಿಳಿಗೆರೆಯಂಥ ಊರಿನಿಂದ ಲೆಕ್ಕ ಹಾಕಿ ನೋಡಿದರೆ ಈ ಗಡುವು ಎಷ್ಟು ಕಿರಿದೆಂದು ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ನೋವು. ಬೆಳಗ್ಗೆ ಏಳಕ್ಕೆ ಹುಡುಗ ಬಾಯಿಬಿಟ್ಟ. ಎಂಟೂವರೆಯ ಬಸ್ಸಿಗೆ ನಂಜನಗೂಡು. ಅಲ್ಲಿ ಸರದಿಯಲ್ಲಿ ಕಾದು ವೈದ್ಯರನ್ನು ಕಂಡು, ಅವರು ಚೀಟಿ ಬರೆದುಕೊಟ್ಟು, ಮೈಸೂರಿನ ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ಸೂರ್ಯ ನೆತ್ತಿಗೇರಿದ್ದಾನೆ. ಹತ್ತು ಗಂಟೆಯಲ್ಲಿ ಐದು ಗಂಟೆಯನ್ನು ದಾರಿ ನುಂಗಿದ್ದಲ್ಲ, ನಾಚಿಕೆ ನುಂಗಿದ್ದು. ನಗರದ ಮನೆಗಳೂ ತಮ್ಮಲ್ಲಿ ಹೀಗಾಗದೆಂದು ನಿಶ್ಚಿಂತರಾಗುವಂತಿಲ್ಲ. ಆಸ್ಪತ್ರೆ ಪಕ್ಕದ ಬೀದಿಯಲ್ಲಿಯೇ ಇದ್ದರೂ ಹುಡುಗ ಬಾಯಿಬಿಡದೆ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ಹದಿಹರೆಯದ ಹುಡುಗನಿಗೆ ಹೊಟ್ಟೆನೋವೆಂದೊಡನೆ ತಂದೆಯಾದವನು ಅವನನ್ನು ಏಕಾಂತಕ್ಕೆ ಕರೆದು, “ಕೆಳಗೇನಾದರೂ ನೋವಿದೆಯೇನೋ?” ಎಂದು ಕೇಳಲೇಬೇಕು. ಒಂದು ಕಡೆ ಊತವಿದ್ದು, ಮುಟ್ಟಿದರೆ ತಾಳಲಾರದ ನೋವಿದ್ದರೆ, ಅಥವಾ ಒಂದು ವೃಷಣ ಎಂದಿಗಿಂತ ಮೇಲೇರಿ ಅಡ್ಡವಾಗಿದ್ದರೆ, ಶಾಖ ಕೊಡುವುದು, ಎಣ್ಣೆ ನೀವುವುದು, ನೋವಿನ ಮಾತ್ರೆ ನುಂಗಿಸಿ ಬೆಳಗಿಗಾಗಿ ಕಾಯುವುದು ಯಾವುದೂ ಕೂಡದು. 108ಕ್ಕೆ ಕರೆಮಾಡಿ ನೇರವಾಗಿ ಶಸ್ತ್ರಕ್ರಿಯೆಯ ವ್ಯವಸ್ಥೆಯಿರುವ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿ ಕಾಫಿ, ಎಳನೀರು ಕೊಡಬಾರದು. ಅರಿವಳಿಕೆ ಕೊಡಬೇಕಾಗಿ ಬರಬಹುದು. ಶಸ್ತ್ರವೈದ್ಯರು ಇನ್ನೊಂದನ್ನೂ ಮತ್ತೆ ತಿರುಚದಂತೆ ಹೊಲಿದು ನಿಲ್ಲಿಸುತ್ತಾರೆ. ಒಂದನ್ನು ಕಳೆದುಕೊಂಡ ಹುಡುಗನೂ ಮುಂದೆ ಗೃಹಸ್ಥನಾಗಿ, ತಂದೆಯಾಗಿ ಬಾಳಬಲ್ಲನೆಂಬುದನ್ನೂ ಇಲ್ಲಿ ಹೇಳಬೇಕು.

ನೀರು ಸಾಕು

ಇನ್ನು ಶುಚಿತ್ವ. ಇದರಲ್ಲಿ ಹೇಳುವುದು ಬಹಳವಿಲ್ಲ. ಮುಂದೊಗಲು ಸಲೀಸಾಗಿ ಸರಿಯತೊಡಗಿದ ಮೇಲೆ, ಹುಡುಗ ಸ್ನಾನದಲ್ಲಿ ತಾನೇ ಅದನ್ನು ನೋವಿಲ್ಲದಷ್ಟು ಹಿಂದಕ್ಕೆ ಸರಿಸಿ, ಬರಿಯ ನೀರಿನಿಂದ ತೊಳೆದು, ಒರಸಿ, ಮರೆಯದೆ ಮುಂದಕ್ಕೆ ತರಬೇಕು. ಅಲ್ಲಿ ಕೂಡುವ ಬಿಳಿಯ ಜಿಗುಟು ದಿನವೂ ತೊಳೆದುಹೋದರೆ ವಾಸನೆಯಿಲ್ಲ, ಉರಿಯಿಲ್ಲ. ಘಾಟು ಸಾಬೂನು, ಗಾಯಕ್ಕೆ ಹಾಕುವ ಕ್ರಿಮಿನಾಶಕ, ಸುಗಂಧದ ಪೌಡರು ಇವು ಆ ತೆಳುಚರ್ಮಕ್ಕೆ ಶತ್ರುಗಳು. ಹೇಳಿಕೊಡಬೇಕಾದವನು ತಂದೆ, ಅವನಿಗೆ ಆಗದಿದ್ದರೆ ಸೋದರಮಾವ. ಎರಡು ನಿಮಿಷದ ಮಾತು. ಉಜ್ಜುವುದನ್ನು ಕಲಿಸಿದ ಹಾಗೆಯೇ.

ತೊಡೆಸಂದಿನ ತುರಿಕೆಯ ಕಥೆ ಬೇರೆ. ಗದ್ದೆಯ ಕೆಸರಿನಲ್ಲಿ ನಿಂತವನಿಗೂ, ಗರಡಿಯಲ್ಲಿ ಲಂಗೋಟಿ ಬಿಗಿದವನಿಗೂ, ದಿನವಿಡೀ ಬಿಗಿಯಾದ ಜೀನ್ಸ್ ತೊಟ್ಟು ಮೋಟಾರುಬೈಕಿನ ಮೇಲಿರುವವನಿಗೂ ಬೆವರು ಒಂದೇ. ಆ ತೇವದಲ್ಲಿ ಬೂಸಲು ಬೆಳೆದು ಚಕ್ರಾಕಾರದ ಹುಳುಕಡ್ಡಿಯಾಗುತ್ತದೆ. ಆಗ ಮದ್ದಿನಂಗಡಿಗೆ ಹೋಗಿ ತಾನೇ ಕೇಳಿ ತರುವ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡೇ ದಿನಕ್ಕೆ ತುರಿಕೆ ಅಡಗುತ್ತದೆ, ಬೂಸಲು ಮಾತ್ರ ಒಳಗೊಳಗೇ ಹಬ್ಬುತ್ತದೆ. ಹತ್ತು ಹನ್ನೆರಡು ವರ್ಷಗಳಿಂದೀಚೆಗೆ ಭಾರತದ ಚರ್ಮವೈದ್ಯರಿಗೆ ಇದೊಂದು ದೊಡ್ಡ ತಲೆನೋವಾಗಿದೆ. ಹಳೆಯ ಔಷಧಗಳಿಗೆ ಬಗ್ಗದ ಬೂಸಲಿನ ಹೊಸ ತಳಿಯೇ ತಲೆಯೆತ್ತಿದೆ. ಹತ್ತಿಯ ಒಳಉಡುಪು, ಅದನ್ನು ದಿನವೂ ಒಗೆದು ಬಿಸಿಲಿನಲ್ಲಿ ಒಣಗಿಸುವುದು, ಚರ್ಮವೈದ್ಯರ ಚೀಟಿ, ಇಷ್ಟೇ ದಾರಿ. ಒಳಉಡುಪನ್ನು ಯಾರಿಗೂ ಕಾಣದಂತೆ ಬಚ್ಚಲಿನ ಮೂಲೆಯಲ್ಲಿ ನೇತುಹಾಕುವ ಮರ್ಯಾದೆಯನ್ನು ಮನೆಗಳು ಬಿಡುವುದು ಒಳ್ಳೆಯದು.

ಬಸ್ ನಿಲ್ದಾಣದ ಗೋಡೆಯ ಮಾತಿಗೆ ಬರೋಣ. ‘ಗುಪ್ತರೋಗ’, ‘ಧಾತುಕ್ಷಯ’, ‘ಯೌವನದ ತಪ್ಪುಗಳು’ ಎಂದು ದಪ್ಪಕ್ಷರದಲ್ಲಿ ಬರೆದಿರುವ ಆ ಗೋಡೆ ಎಷ್ಟು ಹುಡುಗರ ನಿದ್ದೆ ಕೆಡಿಸಿದೆಯೋ! ಇಂಥ ಜಾಹೀರಾತುಗಳನ್ನು ತಡೆಯಲು 1954ರಲ್ಲಿಯೇ ಕಾನೂನು ಬಂದಿದೆ, ಗೋಡೆ ಅದನ್ನು ಓದಿಲ್ಲ. ಹದಿಹರೆಯದಲ್ಲಿ ನಿದ್ದೆಯಲ್ಲಿ ವೀರ್ಯ ಸ್ಖಲನವಾಗುವುದು ದೇಹ ಬೆಳೆಯುತ್ತಿರುವುದರ ಲಕ್ಷಣ. ರಕ್ತದ ಇಷ್ಟು ಹನಿ ಸೇರಿ ವೀರ್ಯದ ಒಂದು ಹನಿಯಾಗುತ್ತದೆಂಬ ಲೆಕ್ಕಕ್ಕೆ ದೇಹದಲ್ಲಿ ಆಧಾರವಿಲ್ಲ. ವೀರ್ಯದ ಬಹುಭಾಗ ಪ್ರಾಸ್ಟೇಟ್ ಮೊದಲಾದ ಗ್ರಂಥಿಗಳ ರಸ, ಅದು ಮತ್ತೆ ಮತ್ತೆ ಉತ್ಪತ್ತಿಯಾಗುತ್ತಲೇ ಇರುತ್ತದೆ. ವೀರ್ಯನಾಶವಾಯಿತೆಂಬ ಭಯದಿಂದಲೇ ಸೊರಗಿ, ನಿಶ್ಶಕ್ತಿ, ನಿದ್ರಾಹೀನತೆಗಳಿಗೆ ಒಳಗಾಗುವವರ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಇಲ್ಲಿ ರೋಗವೆಂದರೆ ಭಯವೇ. ಅದಕ್ಕೆ ಬೇಕಾದದ್ದು ಸಾವಿರಾರು ರೂಪಾಯಿಯ ಲೇಹ್ಯವಲ್ಲ, ತಿಳಿದವರ ಜೊತೆ ಅರ್ಧ ಗಂಟೆಯ ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ನಡೆಯುವ ‘ಸ್ನೇಹ ಕ್ಲಿನಿಕ್’ಗಳು ಅದಕ್ಕಾಗಿಯೇ ಇವೆ.

ಮಗನ ವಿಷಯ ಓದುತ್ತಿರುವ ತಂದೆಗೂ ಒಂದು ಮಾತು ಉಳಿದಿದೆ. ನಲವತ್ತೈದು ಐವತ್ತರ ಗೃಹಸ್ಥರಲ್ಲಿ ಮುಂದೊಗಲು ಪದೇಪದೇ ಕೆಂಪಾಗಿ, ತುರಿಸಿ, ಸಣ್ಣಸಣ್ಣ ಸೀಳು ಬಿಡುತ್ತಿದ್ದರೆ ಮುಲಾಮಿಗಿಂತ ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಎಷ್ಟೋ ಮಂದಿಯಲ್ಲಿ ಮಧುಮೇಹ ತನ್ನ ಬರವನ್ನು ಮೊದಲು ಸಾರುವುದು ಇಲ್ಲಿಯೇ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕಿಸುವ ಹೊಸ ಬಗೆಯ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಲ್ಲಿಯೂ ಈ ತುರಿಕೆ ಕಾಣಿಸಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಎಲ್ಲಕ್ಕಿಂತ ಕಠಿನವಾದದ್ದು ಶಿಶ್ನದ ಕ್ಯಾನ್ಸರ್. ಪಾಶ್ಚಾತ್ಯ ದೇಶಗಳಲ್ಲಿ ಬಹು ವಿರಳವಾದ ಇದು ನಮ್ಮ ಹಳ್ಳಿಗಾಡಿನಲ್ಲಿ ಅಷ್ಟು ವಿರಳವಲ್ಲ. ಎಂದೂ ಹಿಂದೆ ಸರಿಯದ ಮುಂದೊಗಲು, ತೊಳೆಯದೆ ಉಳಿದ ಕೊಳೆ, ಒಂದು ಬಗೆಯ ವೈರಸ್ಸು, ಬೀಡಿ ಮತ್ತು ಹೊಗೆಸೊಪ್ಪು ಇವು ಅದರ ಜೊತೆಗಾರರು. ಮೊದಲು ಒಂದು ನೋವಿಲ್ಲದ ಗಂಟು, ಅಥವಾ ಮಾಯದ ಹುಣ್ಣು. ಆ ಹಂತದಲ್ಲಿ ಬಂದವನಿಗೆ ಚಿಕ್ಕ ಶಸ್ತ್ರಕ್ರಿಯೆಯಲ್ಲಿಯೇ ಅಂಗ ಉಳಿಯುತ್ತದೆ. ಹೆಂಡತಿಗೂ ಹೇಳದೆ ಪಂಚೆಯ ಮರೆಯಲ್ಲಿ ಒಂದೆರಡು ವರ್ಷ ಮುಚ್ಚಿಟ್ಟುಕೊಂಡು, ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟಿದ ಮೇಲೆ ಬರುವವನಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥಲ್ಲಿಯೂ ವೈದ್ಯರ ಮೊದಲ ಪ್ರಶ್ನೆ ಒಂದೇ: “ಇದು ಶುರುವಾಗಿ ಎಷ್ಟು ದಿನವಾಯಿತು?” ಜೊತೆಗೆ ಬಂದ ಮಗ ಅಪ್ಪನ ಮುಖ ನೋಡುತ್ತಾನೆ. ಅವನಿಗೂ ಅದು ಅಂದೇ ಗೊತ್ತಾಗಬೇಕಾದ ಸಂಗತಿ.